ಮಳೆಗಾಲಕ್ಕೆ ಮೊದಲು ಮನೆಯ ಮಾಡಿನ ಸೋರಿಕೆ ತಡೆಗಟ್ಟುವ ಬಗ್ಗೆ: ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪ್ರತಿ ವರ್ಷ ಮಳೆಗಾಲ ಆರಂಭವಾದ ನಂತರ ಮನೆ ಸೋರುತ್ತಿದೆ ಎಂಬ ಕಾರಣಕ್ಕೆ ಪರಿಹಾರ ಕೋರಿ ಅನೇಕ ನಾಗರಿಕರು ತಾಲೂಕು ಕಚೇರಿಗೆ ಅರ್ಜಿ ಸಲ್ಲಿಸುತ್ತಾರೆ. ಪ್ರಕೃತಿ ವಿಕೋಪದಿಂದ ಮನೆಗೆ ಆದ ಹಾನಿಗೆ ಪರಿಹಾರ ನೀಡಲು ಅವಕಾಶವಿದೆ. ಆದರೆ ಕಟ್ಟಡಕ್ಕೆ ಹಾನಿಯಾಗದೆ ಕೇವಲ ಮಾಡು ಸೋರುತ್ತಿದ್ದಲ್ಲಿ ಪರಿಹಾರಕ್ಕೆ ಅವಕಾಶವಿರುವುದಿಲ್ಲ. ಸೋರಿಕೆಯನ್ನು ಮನೆಯವರೇ ಸಕಾಲದಲ್ಲಿ ಸರಿಪಡಿಸಿಕೊಳ್ಳಬೇಕಾಗುತ್ತದೆ. ಈ ಕೆಲಸ ಹೇಗೆ, ಯಾವಾಗ ಮಾಡಬೇಕು ಹಾಗೂ ಅರ್ಜಿ ಸಲ್ಲಿಸಬೇಕಾದ ಸಂದರ್ಭ ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಸಣ್ಣ ಸೋರಿಕೆಯನ್ನೂ ಅಲಕ್ಷಿಸಬಾರದು ಏಕೆ?

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರಾಗುತ್ತದೆ. ಕರಾವಳಿಯಲ್ಲಿ ಒಂದೇ ದಿನ 100 ಮಿ.ಮೀ. ಮಳೆಯಾಗುವುದು ಅಪರೂಪವಲ್ಲ. ಅಂತಹ ದಿನ 80 ಚದರ ಮೀಟರ್ ವಿಸ್ತಾರದ ಮಾಡಿನ ಮೇಲೆ 8,000 ಲೀಟರ್ ನೀರು ಹರಿಯುತ್ತದೆ. ಇದರಲ್ಲಿ ನೂರರಲ್ಲಿ ಒಂದು ಪಾಲು ಒಳಗೆ ಇಳಿದರೂ 80 ಲೀಟರ್ ನೀರು ಮರಮುಟ್ಟು ಮತ್ತು ಗೋಡೆಗಳನ್ನು ಸೇರುತ್ತದೆ.

ನೆಲಕ್ಕೆ ತೊಟ್ಟಿಕ್ಕುವ ನೀರನ್ನು ಪಾತ್ರೆಯಿಟ್ಟು ಹಿಡಿಯಬಹುದು. ಗೋಡೆಯೊಳಗೆ ಇಳಿಯುವ ನೀರು ಕಣ್ಣಿಗೆ ಕಾಣುವುದಿಲ್ಲ. ಮಣ್ಣಿನ ಗೋಡೆ ಹಾಗೂ ಮಣ್ಣಿನ ಗಾರೆಯಲ್ಲಿ ಕಟ್ಟಿದ ಚಿರೆಕಲ್ಲಿನ ಗೋಡೆಗಳು ದಿನಗಟ್ಟಲೆ ನೆನೆದರೆ ಬಲ ಕಳೆದುಕೊಳ್ಳುತ್ತವೆ. ಗೋಡೆಯ ಮೇಲೆ ಕುಳಿತಿರುವ ತೊಲೆ ಮತ್ತು ಪಕಾಸುಗಳ ತುದಿ ಕೊಳೆಯುತ್ತದೆ. ಇಂತಹ ಗೋಡೆ ಮನೆಯವರು ಮಲಗಿರುವ ವೇಳೆ ಕುಸಿದರೆ ಜೀವಹಾನಿಯಾಗುವ ಸಂಭವವಿದೆ. ವಿದ್ಯುತ್ ತಂತಿಯ ಕೊಳವೆಯೊಳಗೆ ನೀರು ಸೇರಿದರೆ ಒದ್ದೆ ಗೋಡೆಯನ್ನು ಮುಟ್ಟಿದವರಿಗೆ ಆಘಾತವಾಗಬಹುದು.

2. ಕೆಲಸಕ್ಕೆ ಸೂಕ್ತ ಸಮಯ

ನಮ್ಮ ಜಿಲ್ಲೆಗೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಬರುತ್ತದೆ. ಆದರೆ ಈ ಲೆಕ್ಕವನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ. 2025ರಲ್ಲಿ ಮುಂಗಾರು ವಾಡಿಕೆಗಿಂತ ಎಂಟು ದಿನ ಮೊದಲೇ, ಅಂದರೆ ಮೇ 24ರಂದೇ ಕೇರಳವನ್ನು ಪ್ರವೇಶಿಸಿತು. ಆದ್ದರಿಂದ ಏಪ್ರಿಲ್ ತಿಂಗಳಲ್ಲಿ ಪರಿಶೀಲನೆ ಮುಗಿಸಿ, ಮೇ 15ರೊಳಗೆ ದುರಸ್ತಿಯನ್ನು ಪೂರ್ಣಗೊಳಿಸುವುದು ಕ್ಷೇಮಕರ. ಗಾರೆ ಮತ್ತು ಲೇಪನಗಳು ಒಣಗಿ ಗಟ್ಟಿಯಾಗಲು ಬಿಸಿಲಿನ ದಿನಗಳು ಬೇಕು. ಮಳೆ ಹಿಡಿದ ನಂತರ ಮಾಡಿದ ಕೆಲಸ ಹೆಚ್ಚಾಗಿ ನಿಲ್ಲುವುದಿಲ್ಲ.

3. ಸೋರುವ ಸ್ಥಳವನ್ನು ಪತ್ತೆ ಹಚ್ಚುವ ವಿಧಾನ

ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ರಂಧ್ರವಿರುತ್ತದೆ ಎಂದು ತಿಳಿಯುವುದು ಸರಿಯಲ್ಲ. ಮೇಲ್ಭಾಗದಲ್ಲಿ ಒಳಬಂದ ನೀರು ಪಕಾಸಿನ ಗುಂಟ ಹರಿದು ಕೆಲವು ಅಡಿ ಕೆಳಗೆ ಬೀಳುತ್ತದೆ. ತಾರಸಿಯಲ್ಲಿಯೂ ಒಂದು ಕಡೆಯ ಬಿರುಕಿನಲ್ಲಿ ಇಳಿದ ನೀರು ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಕಲೆ ಕಂಡ ಜಾಗಕ್ಕೆ ಮಾತ್ರ ಸಿಮೆಂಟ್ ಬಳಿದರೆ ಹಣ ವ್ಯರ್ಥವಾಗುತ್ತದೆ.

(ಅ) ಮಳೆ ಬರುತ್ತಿರುವಾಗ ಅಟ್ಟಕ್ಕೆ ಹೋಗಿ ಟಾರ್ಚ್ ಬೆಳಕಿನಲ್ಲಿ ಒದ್ದೆಯ ಜಾಡನ್ನು ಮೇಲ್ಮುಖವಾಗಿ ಅನುಸರಿಸಿ, ನೀರು ಒಳಬರುವ ಸ್ಥಳಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು.

(ಆ) ಬೇಸಿಗೆಯಲ್ಲಿ ಹಗಲು ಹೊತ್ತು ಅಟ್ಟವನ್ನು ಕತ್ತಲು ಮಾಡಿ ನೋಡಿದರೆ ಒಡೆದ ಅಥವಾ ಸರಿದ ಹಂಚುಗಳ ಸಂದಿನಿಂದ ಬೆಳಕು ಕಾಣುತ್ತದೆ.

(ಇ) ಪೈಪಿನಿಂದ ನೀರು ಹಾಯಿಸಿ ಪರೀಕ್ಷಿಸುವುದಾದರೆ ಸೂರಿನ ಬದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸಾಗಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲಿ ಒಳಹೋಯಿತೆಂದು ತಿಳಿಯುವುದಿಲ್ಲ.

4. ಹಂಚಿನ ಮಾಡು

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಮಂಗಳೂರು ಹಂಚು ಕರಾವಳಿಯಾದ್ಯಂತ ಬಳಕೆಗೆ ಬಂತು. ಈ ಹಂಚುಗಳು ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕುಳಿತು ನೀರನ್ನು ತಡೆಯುತ್ತವೆ. ಗಾಡಿಯಲ್ಲಿ ಕಸ ಮತ್ತು ಪಾಚಿ ತುಂಬಿದರೆ ಹಂಚು ಒಡೆಯದಿದ್ದರೂ ಮಾಡು ಸೋರುತ್ತದೆ. ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವ ಪದ್ಧತಿಯನ್ನು ಹಿರಿಯರು ಇದೇ ಕಾರಣಕ್ಕೆ ಇಟ್ಟುಕೊಂಡಿದ್ದರು.

ಗಾಡಿಗಳನ್ನು ಒಣ ಬ್ರಷ್‌ನಿಂದ ಶುಚಿಗೊಳಿಸಿ, ಬಿರುಕು ಬಿಟ್ಟ ಹಂಚುಗಳನ್ನು ಬದಲಾಯಿಸಬೇಕು. ಬೇರೆ ಬೇರೆ ಕಾರ್ಖಾನೆಯ ಹಂಚುಗಳ ಅಚ್ಚಿನಲ್ಲಿ ವ್ಯತ್ಯಾಸವಿರುವುದರಿಂದ ಅವು ಪರಸ್ಪರ ಸರಿಯಾಗಿ ಕೂರುವುದಿಲ್ಲ. ಹಂಚಿನ ಮೇಲಿರುವ ಕಾರ್ಖಾನೆಯ ಗುರುತನ್ನು ನೋಡಿ ಅದೇ ಅಚ್ಚಿನದನ್ನು ತರಬೇಕು. ಅಂತಹ ಇಪ್ಪತ್ತು ಹಂಚುಗಳನ್ನು ಮನೆಯಲ್ಲಿ ಕಾದಿರಿಸಿಕೊಳ್ಳುವುದು ಒಳ್ಳೆಯದು. ಕೊಳೆತ ರೀಪುಗಳನ್ನು ಇದೇ ಸಂದರ್ಭದಲ್ಲಿ ಬದಲಿಸಬೇಕು. ರೀಪು ಬಾಗಿದರೆ ಅದರ ಮೇಲಿನ ಹಂಚಿನ ಸಾಲು ತೆರೆದುಕೊಳ್ಳುತ್ತದೆ.

ಮಾಡಿನ ನೆತ್ತಿಯಲ್ಲಿ ಕವುಚಿ ಹಾಕಿದ ಹಂಚುಗಳ ಗಾರೆ ಬಿರುಕು ಬಿಟ್ಟಿದ್ದಲ್ಲಿ, ಅದರ ಮೇಲೆಯೇ ಹೊಸ ಗಾರೆ ಮೆತ್ತಬಾರದು. ಹಳೆಯದನ್ನು ಕೆತ್ತಿ ತೆಗೆದು, ಜಾಗವನ್ನು ತೋಯಿಸಿ, ಹೊಸ ಗಾರೆ ಹಾಕಿ ಏಳು ದಿನ ನೀರುಣಿಸಬೇಕು. ಎರಡು ಮಾಡುಗಳು ಸೇರುವ ಒಳಮೂಲೆಯ ತಗಡಿನ ದಂಬೆಯು ಉಪ್ಪುಗಾಳಿಯಿಂದ ಬೇಗ ತುಕ್ಕು ಹಿಡಿಯುತ್ತದೆ. ಇದನ್ನು ತಪ್ಪದೆ ಪರಿಶೀಲಿಸಬೇಕು.

5. ಕಾಂಕ್ರೀಟ್ ತಾರಸಿ

ತಾರಸಿ ಸೋರಲು ಮೊದಲ ಕಾರಣ ನೀರು ನಿಲ್ಲುವುದು. ಮಳೆನೀರಿನ ಕೊಳವೆಯ ಬಾಯಿಗೆ ತೆಂಗಿನ ಗರಿ ಅಥವಾ ಎಲೆ ಕಟ್ಟಿಕೊಂಡಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಇದಕ್ಕೆ ಯಾವ ಖರ್ಚೂ ಇಲ್ಲ. ಎರಡನೆಯ ಕಾರಣ ತಾರಸಿ ಮತ್ತು ಕೈಪಿಡಿ ಗೋಡೆ ಸೇರುವ ಸಂದಿನ ಬಿರುಕು.

ಬಿರುಕನ್ನು ಉಳಿಯಿಂದ ಸ್ವಲ್ಪ ಅಗಲಿಸಿ, ಧೂಳು ತೆಗೆದು, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆಯಿಂದ ತುಂಬಬೇಕು. ಗೋಡೆ ಸೇರುವ ಮೂಲೆಯಲ್ಲಿ ನೀರು ನಿಲ್ಲದಂತೆ ಗಾರೆಯ ಇಳಿಜಾರು ಪಟ್ಟಿ ಕಟ್ಟಬೇಕು. ನಂತರ ಜಲನಿರೋಧಕ ಲೇಪನವನ್ನು ಎರಡು ಬಾರಿ, ಮೊದಲನೆಯದಕ್ಕೆ ಎರಡನೆಯದು ಅಡ್ಡಲಾಗಿ ಬರುವಂತೆ ಬಳಿಯಬೇಕು. ಡಬ್ಬಿಯ ಮೇಲಿನ ಸೂಚನೆಯಂತೆ ನಡುವೆ ಒಣಗಲು ಬಿಡುವುದು ಅಗತ್ಯ.

ತಾರಸಿಯ ತಳಭಾಗದಲ್ಲಿ ಕಂದು ಕಲೆ ಕಂಡುಬಂದು ಗಾರೆ ಉದುರುತ್ತಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ ಎಂದು ತಿಳಿಯಬೇಕು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಸಮುದ್ರದ ಸಮೀಪವಿರುವ ಮನೆಗಳಲ್ಲಿ ಇದು ಹೆಚ್ಚು. ಇಲ್ಲಿ ಮೇಲಿನ ಲೇಪನವೊಂದೇ ಸಾಲದು. ಅರ್ಹ ಎಂಜಿನಿಯರರಿಗೆ ತೋರಿಸಬೇಕು.

6. ತಗಡು ಮತ್ತು ಸಿಮೆಂಟ್ ಶೀಟುಗಳು

ಶೀಟಿನ ಮಾಡು ಹೆಚ್ಚಾಗಿ ಸೋರುವುದು ತಿರುಪುಗಳ ರಂಧ್ರದಲ್ಲಿ. ತಿರುಪು ಶೀಟಿನ ಅಲೆಯ ಉಬ್ಬಿನ ಮೇಲಿರಬೇಕು, ನೀರು ಹರಿಯುವ ತಗ್ಗಿನಲ್ಲಿ ಇರಬಾರದು. ಒಣಗಿ ಸೀಳಿದ ರಬ್ಬರ್ ವಾಷರುಗಳನ್ನು ಬದಲಿಸಬೇಕು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುವುದರಿಂದ ಅವುಗಳನ್ನು ಒಣಗಿರುವಾಗ ಉಜ್ಜುವುದು, ಕೊರೆಯುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ. ಅಂತಹ ಶೀಟಿನ ಮೇಲೆ ನೇರವಾಗಿ ಕಾಲಿಟ್ಟರೆ ಅದು ಮುರಿದು ಕೆಳಗೆ ಬೀಳುವ ಅಪಾಯವಿದೆ. ಹಲಗೆ ಹಾಸಿಯೇ ಕೆಲಸ ಮಾಡಬೇಕು.

7. ಅನುಮತಿಯ ಬಗ್ಗೆ

ಸಮುದ್ರ ತೀರದ ಗ್ರಾಮಗಳಲ್ಲಿ ಹಂಚು ಬದಲಿಸಲು ಸಹ ಕರಾವಳಿ ನಿಯಂತ್ರಣ ವಲಯದ ನಿಯಮ ಅಡ್ಡಿಯಾಗುತ್ತದೆ ಎಂಬ ಭಾವನೆ ಕೆಲವರಲ್ಲಿದೆ. 2011 ಮತ್ತು 2019ರ ಅಧಿಸೂಚನೆಗಳೆರಡೂ ಗ್ರಾಮೀಣ ತೀರದ ಅಭಿವೃದ್ಧಿ ನಿಷೇಧಿತ ಪಟ್ಟಿಯಲ್ಲಿಯೂ ಅಧಿಕೃತ ಕಟ್ಟಡಗಳ ದುರಸ್ತಿಗೆ ಅವಕಾಶ ನೀಡಿವೆ. ಆದರೆ ಈಗಿರುವ ತಳಪಾಯದ ವಿಸ್ತೀರ್ಣವನ್ನಾಗಲಿ, ಕಟ್ಟಡದ ಒಟ್ಟು ವಿಸ್ತೀರ್ಣದ ಪ್ರಮಾಣವನ್ನಾಗಲಿ ಹೆಚ್ಚಿಸುವಂತಿಲ್ಲ. ಸೋರಿಕೆಯ ನೆಪದಲ್ಲಿ ಮಹಡಿ ಕಟ್ಟುವುದು ದುರಸ್ತಿ ಎನಿಸುವುದಿಲ್ಲ. ಸಂದೇಹವಿದ್ದಲ್ಲಿ ಕೆಲಸ ಆರಂಭಿಸುವ ಮೊದಲು ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸತಕ್ಕದ್ದು.

8. ಹಾನಿಯಾದಲ್ಲಿ ಅರ್ಜಿ ಸಲ್ಲಿಸುವುದು

ರಾಜ್ಯ ವಿಪತ್ತು ಪರಿಹಾರ ನಿಧಿಗೆ ಸಂಬಂಧಿಸಿ 2022-23ರಿಂದ 2025-26ರ ಅವಧಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಮಾನದಂಡದಂತೆ, ಭಾಗಶಃ ಹಾನಿಗೆ ಪರಿಹಾರ ಪಡೆಯಲು ಮನೆಯ ಕನಿಷ್ಠ ಶೇಕಡಾ 15ರಷ್ಟು ಭಾಗ ಹಾನಿಗೊಂಡಿರಬೇಕು. ಪಕ್ಕಾ ಮನೆಗೆ ರೂ. 6,500 ಮತ್ತು ಕಚ್ಚಾ ಮನೆಗೆ ರೂ. 4,000 ನಿಗದಿಯಾಗಿತ್ತು. ಪೂರ್ಣ ಅಥವಾ ತೀವ್ರ ಹಾನಿಗೆ ಬಯಲು ಪ್ರದೇಶದಲ್ಲಿ ರೂ. 1,20,000 ಇತ್ತು. ರಾಜ್ಯ ಸರ್ಕಾರವು ಆಯಾ ವರ್ಷ ಹೆಚ್ಚಿನ ಮೊತ್ತ ಘೋಷಿಸುವುದೂ ಉಂಟು. 2019ರ ನೆರೆಯ ನಂತರ ಪೂರ್ಣ ಕುಸಿದ ಮನೆಗೆ ರೂ. 5 ಲಕ್ಷದವರೆಗೆ ಘೋಷಿಸಲಾಗಿತ್ತು. ಅರ್ಜಿ ಸಲ್ಲಿಸುವಾಗ ಜಾರಿಯಲ್ಲಿರುವ ಮೊತ್ತವನ್ನು ತಹಶೀಲ್ದಾರರ ಕಚೇರಿಯಲ್ಲಿ ತಿಳಿದುಕೊಳ್ಳಬೇಕು.

ಭಾಗಶಃ ಹಾನಿಯ ಮೊತ್ತವು ಒಂದು ಗೋಡೆಯನ್ನು ಮತ್ತೆ ಕಟ್ಟಲೂ ಸಾಲದು ಎಂಬುದನ್ನು ಗಮನಿಸಬೇಕು. ಗೋಡೆ ಬಿದ್ದ ಮೇಲೆ ಪರಿಹಾರಕ್ಕೆ ಕಾಯುವುದಕ್ಕಿಂತ ಗೋಡೆ ನೆನೆಯದಂತೆ ನೋಡಿಕೊಳ್ಳುವುದು ಎಷ್ಟೋ ಕಡಿಮೆ ಖರ್ಚಿನದು.

ಮಳೆ ಗಾಳಿಯಿಂದ ಮಾಡು ಅಥವಾ ಗೋಡೆ ಹಾನಿಗೊಂಡರೆ:

(ಅ) ಗೋಡೆ ಬಿರುಕು ಬಿಟ್ಟಿದ್ದರೆ ಅಥವಾ ವಾಲಿದ್ದರೆ ಕೂಡಲೇ ಮನೆಯಿಂದ ಹೊರಬಂದು ಸುರಕ್ಷಿತ ಸ್ಥಳಕ್ಕೆ ತೆರಳಬೇಕು. ಸಾಮಾನು ತರಲು ಹಿಂದಿರುಗಬಾರದು.

(ಆ) ಗ್ರಾಮ ಆಡಳಿತ ಅಧಿಕಾರಿಗೆ ಅಥವಾ ತಹಶೀಲ್ದಾರರ ಕಚೇರಿಗೆ ವಿಳಂಬವಿಲ್ಲದೆ ತಿಳಿಸಬೇಕು. ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077.

(ಇ) ಅಪಾಯವಿಲ್ಲದ ಕಡೆ ನಿಂತು ಛಾಯಾಚಿತ್ರ ತೆಗೆದುಕೊಂಡು, ನಂತರವೇ ತಾಡಪತ್ರಿ ಹೊದಿಸಬೇಕು. ಸ್ಥಳ ಪರಿಶೀಲನೆಗೆ ಮೊದಲು ಅವಶೇಷಗಳನ್ನು ಪೂರ್ತಿ ತೆರವು ಮಾಡದಿರುವುದು ಒಳ್ಳೆಯದು.

(ಈ) ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಮತ್ತು ಮನೆ ತೆರಿಗೆ ರಶೀದಿಯ ಪ್ರತಿಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಮಳೆಗಾಲಕ್ಕೆ ಮೊದಲೇ ಇವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೀರು ತಾಗದ ಕಡೆ ಇಡಬೇಕು.

9. ಸುರಕ್ಷತೆ

ಒದ್ದೆಯಾದ ಅಥವಾ ಪಾಚಿಗಟ್ಟಿದ ಮಾಡಿನ ಮೇಲೆ ಯಾರೂ ಹತ್ತಬಾರದು. ಮಳೆಯ ನಡುವೆ ಸೋರಿಕೆ ಕಂಡರೆ ಒಳಗಿನಿಂದಲೇ ತಾತ್ಕಾಲಿಕ ವ್ಯವಸ್ಥೆ ಮಾಡಿಕೊಂಡು, ಮಳೆ ಬಿಡುವು ಕೊಟ್ಟಾಗ ಅನುಭವಿ ಕೆಲಸಗಾರರನ್ನು ಕರೆಸಬೇಕು. ವಿದ್ಯುತ್ ದೀಪ ಅಥವಾ ಸ್ವಿಚ್ ಫಲಕದ ಬಳಿ ನೀರು ಇಳಿಯುತ್ತಿದ್ದರೆ, ಒಣಗಿದ ಜಾಗದಲ್ಲಿ ನಿಂತು ಮೈನ್ ಸ್ವಿಚ್ ತಲುಪಲು ಸಾಧ್ಯವಿದ್ದಲ್ಲಿ ಮಾತ್ರ ಅದನ್ನು ಬಂದ್ ಮಾಡಬೇಕು. ಇಲ್ಲವಾದಲ್ಲಿ ಅದನ್ನು ಮುಟ್ಟದೆ ಹೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು.

ವೃದ್ಧರು ಹಾಗೂ ಒಂಟಿಯಾಗಿ ವಾಸಿಸುವವರು ತಾವೇ ಈ ಕೆಲಸ ಮಾಡಿಸಿಕೊಳ್ಳಲು ಕಷ್ಟವಾಗಬಹುದು. ನೆರೆಹೊರೆಯವರು ತಮ್ಮ ಮಾಡಿನ ಕೆಲಸಕ್ಕೆ ಆಳುಗಳನ್ನು ಕರೆಸಿದ ದಿನ ಅಂತಹವರ ಮನೆಯ ಮಾಡನ್ನೂ ಒಮ್ಮೆ ನೋಡಿಸಿ ಸಹಕರಿಸಬೇಕಾಗಿ ಕೋರಲಾಗಿದೆ.