ತಡವಾಗಿ ತಲೆದೋರುವ ಪೆಟ್ಟು

ಬಳ್ಳಾರಿಯಿಂದ ಚಳ್ಳಕೆರೆಯ ಕಡೆಗೆ ಬರುವ ಹೆದ್ದಾರಿಯು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯನ್ನು ರಾಂಪುರದ ಮೇಲೆ ಹಾದುಹೋಗುತ್ತದೆ. ಸುತ್ತಲೂ ಶೇಂಗಾದ ಹೊಲಗಳು, ಅವುಗಳಾಚೆ ಬಂಡೆಗುಡ್ಡಗಳು. ಈ ದಾರಿಯಲ್ಲಿ ಮುಸ್ಸಂಜೆಯ ಹೊತ್ತು ಬೈಕಿನ ಮೇಲೆ ಊರಿಗೆ ಮರಳುತ್ತಿರುವ ಮೊಳಕಾಲ್ಮೂರಿನ ರೇಷ್ಮೆ ನೇಕಾರನೊಬ್ಬನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಹಿಂದಿನಿಂದ ಬಂದ ಸರಕಿನ ಆಟೋ ತಗುಲಿ ಅವನು ಉರುಳಿ ಬಿದ್ದನು. ಮೊಣಕೈ ತರಚಿತು, ತಲೆಯು ನೆಲಕ್ಕೆ ಬಡಿದು ಕ್ಷಣಕಾಲ ಕಣ್ಣು ಕತ್ತಲೆಗಟ್ಟಿತು, ಆದರೆ ರಕ್ತ ಬರಲಿಲ್ಲ. ಜನ ಕೂಡಿ ನೀರು ಕುಡಿಸಿದರು. "ಏನೂ ಆಗಿಲ್ಲ ಬಿಡ್ರಣ್ಣ" ಎಂದು ಅವನೇ ಹೇಳಿದನು. ಆಟೋದವನು "ಕೇಸು ಗೀಸು ಬೇಡಣ್ಣ" ಎಂದು ಕೈಮುಗಿದು, ಸಾವಿರ ರೂಪಾಯಿ ಕೈಗಿಟ್ಟು ಹೊರಟುಹೋದನು.

ಮೂರನೆಯ ದಿನ ಮಗ್ಗದ ಮುಂದೆ ಕುಳಿತರೆ ಲಾಳಿಯ ಸದ್ದು ತಲೆಯೊಳಗೆ ಸುತ್ತಿಗೆಯಂತೆ ಬಡಿಯತೊಡಗಿತು. ಎಳೆಗಳನ್ನು ಎಣಿಸುವಾಗ ನಡುವೆಯೇ ಲೆಕ್ಕ ತಪ್ಪಿತು. ದೀಪದ ಬೆಳಕು ಕಣ್ಣಿಗೆ ಚುಚ್ಚಿತು. ರಾತ್ರಿ ನಿದ್ರೆಯಿಲ್ಲ, ಹಗಲೆಲ್ಲ ಮಂಪರು. ಎಂದೂ ಗದರದವನು ಮಗುವಿನ ಮೇಲೆ ಸಿಡುಕಿದನು. ಹೆಂಡತಿಯು ದೃಷ್ಟಿ ತೆಗೆದಳು; ತಾಯಿಯು ಮಗನಿಗೆ ಭಯ ಹೊಕ್ಕಿದೆಯೆಂದಳು. ದಾರಿಯಲ್ಲಿ ಬಿದ್ದುದನ್ನು ಮಾತ್ರ ಯಾರೂ ನೆನೆಯಲಿಲ್ಲ.

ಈ ನೇಕಾರನು ಕಲ್ಪನೆಯವನು. ಅವನಿಗೆ ಒದಗಿದ ಬಾಧೆಯು ಕಲ್ಪನೆಯದಲ್ಲ. ತಲೆಬುರುಡೆಯು ಒಡೆಯದಿದ್ದರೂ ಅದರೊಳಗಿನ ಮೃದುವಾದ ಮಿದುಳು ಏಟಿನ ರಭಸಕ್ಕೆ ಅಲುಗಾಡಿ, ತನ್ನ ಕೆಲಸದಲ್ಲಿ ಕೆಲಕಾಲ ಹದ ತಪ್ಪುವುದುಂಟು. ಇದನ್ನು ವೈದ್ಯರು ಕನ್‌ಕಷನ್ ಎನ್ನುತ್ತಾರೆ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಇದು ಉಂಟಾಗುವುದೆಂದು ಭಾವಿಸುವುದು ತಪ್ಪು. ತಲೆನೋವು, ತಲೆಸುತ್ತು, ಮರೆವು, ಸಿಡುಕು ಮುಂತಾದ ಚಿಹ್ನೆಗಳು ಕೆಲವು ಗಂಟೆ ಅಥವಾ ಕೆಲವು ದಿನಗಳು ಕಳೆದ ಮೇಲೂ ಕಾಣಿಸಿಕೊಳ್ಳಬಹುದು. ಸಿ.ಟಿ. ಸ್ಕ್ಯಾನಿನಲ್ಲಿ ಇದರ ಗುರುತು ಸಾಮಾನ್ಯವಾಗಿ ಸಿಕ್ಕುವುದೇ ಇಲ್ಲ; ಆ ಪರೀಕ್ಷೆಯು ಮುಖ್ಯವಾಗಿ ರಕ್ತಸ್ರಾವವನ್ನೂ ಮುರಿತವನ್ನೂ ಹುಡುಕತಕ್ಕದ್ದು. ಆದಕಾರಣ ಚಿತ್ರದಲ್ಲಿ ಏನೂ ಇಲ್ಲವೆಂದರೆ ರೋಗಿಯು ನಟಿಸುತ್ತಿದ್ದಾನೆಂದು ಅರ್ಥವಲ್ಲ. ಬಹುಮಂದಿ ಕೆಲವು ವಾರಗಳಲ್ಲಿ ಗುಣಹೊಂದುತ್ತಾರೆ. ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ.

ಇದಕ್ಕಿಂತ ಭಯಂಕರವಾದುದು ಇನ್ನೊಂದಿದೆ. ಬುರುಡೆಯೊಳಗೆ ರಕ್ತವು ಮೆಲ್ಲಮೆಲ್ಲನೆ ಕೂಡಿಕೊಂಡು ಮಿದುಳನ್ನು ಒತ್ತಬಹುದು. ವೃದ್ಧರಲ್ಲಿಯೂ, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರಲ್ಲಿಯೂ ಇದು ವಾರಗಳ ಅನಂತರವೂ ಬಯಲಾಗುವುದುಂಟು. ಮೇಲಿಂದ ಮೇಲೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಮಾತಿನ ತೊದಲು, ಒಂದು ಪಕ್ಕದ ಕೈಕಾಲಿನ ಬಲಹೀನತೆ, ಸೆಳವು, ಕಿವಿಮೂಗುಗಳಿಂದ ನೀರಿನಂತಹ ಸ್ರಾವ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ, ಸ್ಕ್ಯಾನಿನ ಅನುಕೂಲವುಳ್ಳ ದೊಡ್ಡ ಆಸ್ಪತ್ರೆಗೆ ಹೊರಡತಕ್ಕದ್ದು. ಪೆಟ್ಟು ಬಿದ್ದವನನ್ನು ನಿದ್ರೆ ಹೋಗಗೊಡಬಾರದೆಂಬ ಮಾತು ನಮ್ಮ ಮನೆಗಳಲ್ಲಿ ಹಳೆಯದು. ವೈದ್ಯರು ನೋಡಿ ಒಪ್ಪಿದ ಮೇಲೆ ಮಲಗಗೊಡಬಹುದು. ಮೊದಲ ರಾತ್ರಿ ಅವನ ಬಳಿ ಒಬ್ಬರಿದ್ದರಾಯಿತು.

ಇನ್ನು ಪರಿಹಾರದ ಮಾತು. ಮೋಟಾರು ಅಪಘಾತಗಳಿಗಾಗಿ ಪ್ರತ್ಯೇಕ ನ್ಯಾಯಮಂಡಲಿಗಳಿಗೆ ಅವಕಾಶವಾದುದು 1956ರ ತಿದ್ದುಪಡಿಯಿಂದ. ಈಗ ಅವು ನಡೆಯುವುದು 1988ರ ಮೋಟಾರು ವಾಹನಗಳ ಕಾಯಿದೆಯ ಮೇರೆಗೆ. ಗಾಯಗೊಂಡವನು ಅಪಘಾತದಿಂದ 6 ತಿಂಗಳೊಳಗೆ ಅರ್ಜಿ ಹಾಕತಕ್ಕದ್ದೆಂಬ ಗಡುವು 2022ರ ಏಪ್ರಿಲ್ 1ರಿಂದ ಬಂದಿದೆ. ಆ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿ, ಕೇವಲ ಆ ಕಾರಣದಿಂದ ಅರ್ಜಿಗಳನ್ನು ತಳ್ಳಿಹಾಕಕೂಡದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಯಿತು. ಇಂತಹ ಆದೇಶವನ್ನು ನೆಚ್ಚಿ ಕಾಲ ಕಳೆಯುವುದು ಗೃಹಸ್ಥರಿಗೆ ತಕ್ಕುದಲ್ಲ.

ನಮ್ಮ ನೇಕಾರನಿಗೆ ಅಡ್ಡವಾಗುವುದು ಕಾನೂನಲ್ಲ, ಕಾಗದ. ವಿಮಾ ಕಂಪನಿಯ ವಕೀಲರು ಕೇಳುವ ಮೊದಲ ಪ್ರಶ್ನೆಯೇ, ಈ ತಲೆನೋವು ಆ ಬೀಳಿನಿಂದಲೇ ಬಂದುದೆಂದು ಹೇಗೆ ನಂಬುವುದು ಎಂಬುದು. ಅದಕ್ಕೆ ಉತ್ತರವಿರುವುದು ಬಿದ್ದ ದಿನದ ಆಸ್ಪತ್ರೆಯ ಚೀಟಿಯಲ್ಲಿ. ಮೊಣಕೈ ತೋರಿಸುವಾಗಲೇ "ತಲೆಯೂ ನೆಲಕ್ಕೆ ಬಡಿಯಿತು, ಕಣ್ಣು ಕತ್ತಲೆಗಟ್ಟಿತು" ಎಂದು ಹೇಳಿ ಬರೆಯಿಸಿದ್ದರೆ ಅರ್ಧ ಮೊಕದ್ದಮೆ ಗೆದ್ದಂತೆ. ಆ ದಿನ ಹೋಗದವನು ಚಿಹ್ನೆ ಕಂಡ ದಿನವೇ ಹೋಗಿ, ಬಿದ್ದ ತಾರೀಖು, ಸ್ಥಳ, ವಾಹನದ ನಂಬರುಗಳನ್ನು ವೈದ್ಯರ ಮುಂದಿಡಬೇಕು. ಹಾಗೆಯೇ ಠಾಣೆಯಲ್ಲಿ ದೂರು ಕೊಡಬೇಕು. ದೂರು ತಡವಾಯಿತೆಂಬ ಒಂದೇ ಕಾರಣದಿಂದ ಪರಿಹಾರವನ್ನು ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ತಡವೇಕೆಂಬುದಕ್ಕೆ ಕಾರಣ ಬೇಕು, ಅಷ್ಟೆ.

ಮೂಳೆ ಮುರಿದಿಲ್ಲವೆಂದು ಎದೆಗುಂದಬೇಕಾಗಿಲ್ಲ. ಒಬ್ಬನನ್ನು 15 ದಿನ ತನ್ನ ನಿತ್ಯದ ಕೆಲಸ ಮಾಡಲಾಗದಂತೆ ಮಾಡಿದ ಪೆಟ್ಟನ್ನು ಭಾರತೀಯ ನ್ಯಾಯ ಸಂಹಿತೆಯು ಗುರುತರ ಗಾಯವೆಂದೇ ಎಣಿಸುತ್ತದೆ. ಹಿಂದಿನ ದಂಡಸಂಹಿತೆಯಲ್ಲಿ ಇದು 20 ದಿನವಾಗಿದ್ದಿತು. ಅಂಗವೈಕಲ್ಯವು ನೂರಕ್ಕೆ ಎಷ್ಟು ಎಂಬುದಕ್ಕಿಂತ, ಅದರಿಂದ ಆ ಮನುಷ್ಯನ ಕಸುಬಿಗೆ ಎಷ್ಟು ಊನವಾಯಿತೆಂಬುದನ್ನು ನೋಡತಕ್ಕದ್ದೆಂದು ಸುಪ್ರೀಂ ಕೋರ್ಟು 2010ರಲ್ಲಿ ವಿವರಿಸಿತು. ಎಳೆಯೆಣಿಸುವ ಗಮನವೇ ಬಂಡವಾಳವಾದ ನೇಕಾರನಿಗೆ ಇದು ದೊಡ್ಡ ಮಾತು. ಅವನ ಹೆಂಡತಿಯು ಹಳೆಯ ನೋಟುಪುಸ್ತಕವೊಂದರಲ್ಲಿ ದಿನದಿನದ ತಲೆನೋವನ್ನೂ, ಮಗ್ಗ ನಿಂತ ದಿನಗಳನ್ನೂ, ಔಷಧಿ ಮತ್ತು ಬಸ್ಸಿನ ಖರ್ಚನ್ನೂ ಬರೆದಿಟ್ಟರೆ, ವೈದ್ಯರ ಸಾಕ್ಷ್ಯಕ್ಕೆ ಅದು ಒತ್ತಾಸೆಯಾಗುವುದು.

ಆತುರದ ರಾಜಿಗೂ ಸಹಿಗೂ ಒಪ್ಪಬಾರದು. ಕರ್ನಾಟಕದಿಂದ ಹೋದ ಒಂದು ಅಪೀಲಿನಲ್ಲಿ, 2002ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟು ಎರಡು ಸಂಗತಿಗಳನ್ನು ಸ್ಪಷ್ಟಪಡಿಸಿತು: ಕೇಳಿದುದಕ್ಕಿಂತ ಹೆಚ್ಚಿನ ಮೊತ್ತವು ನ್ಯಾಯವೆಂದು ಕಂಡರೆ ಮಂಡಲಿಯು ಅದನ್ನು ಕೊಡಬಹುದು, ಆದರೆ ಅಂತಿಮ ತೀರ್ಪಾದ ಮೇಲೆ, ಖರ್ಚು ಬೆಳೆಯಿತೆಂದು ಮತ್ತೊಂದು ತೀರ್ಪನ್ನು ಕೊಡುವಂತಿಲ್ಲ. ಹೀಗಿರಲು ಮುಂದಿನ ಚಿಕಿತ್ಸೆಯ ಅಂದಾಜನ್ನು ವೈದ್ಯರಿಂದ ಮೊದಲೇ ಬರೆಯಿಸಿಕೊಳ್ಳತಕ್ಕದ್ದು.

ಗುದ್ದಿದ ವಾಹನವು ಪತ್ತೆಯಾಗದಿದ್ದರೆ ಗುರುತರ ಗಾಯಕ್ಕೆ 50,000 ರೂಪಾಯಿ ಕೊಡುವ ಕೇಂದ್ರ ಸರ್ಕಾರದ ಯೋಜನೆಯೊಂದು 2022ರಲ್ಲಿ ಜಾರಿಗೆ ಬಂದಿತು. ದೇವಸಮುದ್ರದವರು ಆಂಧ್ರದ ಗಡಿಯಲ್ಲಿರುವವರು. ರಾಯದುರ್ಗದ ದಾರಿಯಲ್ಲಿ ಪೆಟ್ಟು ತಿಂದವನು ಆ ರಾಜ್ಯದ ಕೋರ್ಟಿಗೇ ಅಲೆಯಬೇಕೆಂದಿಲ್ಲ. ತಾನು ವಾಸವಾಗಿರುವ ಸ್ಥಳದ ನ್ಯಾಯಮಂಡಲಿಯಲ್ಲಿಯೇ ಅರ್ಜಿ ಹಾಕಬಹುದು.