ಕೋಳಿ ಕೂಗಿದ್ದು ತಪ್ಪಾ, ಸೈಟು ಮಾಡಿದ್ದು ತಪ್ಪಾ?

ಚೌಳಹಿರಿಯೂರು: ಕೋಳಿ ಕೂಗೋ ಹೊತ್ತಿಗೆ ಏಳೋದು ಈ ಸೀಮೆಯವರಿಗೆ ಹೊಸದೇನಲ್ಲ. ಕೋಳಿ ಕೂಗಿತು ಅಂತ ಸಿಟ್ಟಾಗಿ ಏಳೋದು ಹೊಸದು. ಹಳೇ ಊರಿನ ಅಂಚಿನ ಹೊಲ ಅಲಿನೇಷನ್ ಆಗಿ ಸೈಟು ಬಿದ್ದ ಕಡೆಯಲ್ಲೆಲ್ಲ ಈ ರಗಳೆ ತಪ್ಪಿದ್ದಲ್ಲ.

ಒಂದು ಸಂದರ್ಭ ಇಟ್ಕೊಳ್ಳಿ. ಬೇಲಿಯ ಆಚೆ ಹಳೇ ಕೊಟ್ಟಿಗೆ. ಎರಡು ಹಸು, ಒಂದು ಎಮ್ಮೆ, ನಾಲ್ಕು ಆಡು, ಒಂದು ಹುಂಜ. ಈಚೆ ಮೂವತ್ತು-ನಲವತ್ತರ ಸೈಟಿನಲ್ಲಿ ತಾರಸಿ ಮನೆ. ಮೊದಲ ಬಸ್ಸಿಗೆ ಕಡೂರಿಗೋ ಬೀರೂರಿಗೋ ಓಡಬೇಕಾದ ನೌಕರ, ಪರೀಕ್ಷೆಗೆ ಓದೋ ಮಗಳು, ನಿದ್ದೆ ಹತ್ತದ ಅಜ್ಜಿ.

"ಏನಣ್ಣ, ರಾತ್ರಿಯೆಲ್ಲ ಒಂದೇ ಸಮ ಅರಚ್ತದಲ್ಲ ನಿಮ್ಮ ಹಸು?"

"ಬೆದೆಗೆ ಬಂದೈತೆ ಕಣಪ್ಪ. ಬಾಯಿಗೆ ಬಟ್ಟೆ ತುರುಕ್ಲಾ?"

ಇಬ್ಬರ ಮಾತೂ ನಿಜ. ಆದರೆ ಈಚೆಯವನಿಗೆ ಬರೀ ಗಲಾಟೆಯಾಗಿ ಕೇಳಿಸಿದ್ದು ಆಚೆಯವನಿಗೆ ಸುದ್ದಿ. ಹಸು ಬೆದೆಗೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಅದೂ ಇರುವುದು ಒಂದು ದಿನದೊಳಗಿನ ಮಾತು. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಪಶು ಆಸ್ಪತ್ರೆಯವರನ್ನು ಕರೆಸಿ ಕೃತಕ ಗರ್ಭಧಾರಣೆ ಮಾಡಿಸಬೇಕು. ತಪ್ಪಿತೋ, ಮತ್ತೆ ಮೂರು ವಾರ ಕಾಯಬೇಕು. ಹಿಂಡಿ-ಬೂಸಾ ಅಂಗಡಿಯ ಸಾಲ ಮಾತ್ರ ಕಾಯೋಲ್ಲ. ಡೈರಿಗೆ ಹಾಲು ಹಾಕಿ ಸಂಸಾರ ತೂಗಿಸುವವರಿಗೆ ಆ ಒಂದು ರಾತ್ರಿಯ ಕೂಗು ಮುಂದಿನ ಕರುವಿನ, ಮುಂದಿನ ಹಾಲಿನ ಲೆಕ್ಕ. ಕರು ಅಗಲಿಸಿದಾಗಲೂ ತಾಯಿ ಕೂಗುತ್ತದೆ, ಅದು ಬೇರೆ.

ಹುಂಜದ ಕತೆಯೇ ಬೇರೆ. ಬೆಳಕು ಕಂಡು ಕೂಗುತ್ತದೆ, ಗೂಡು ಕತ್ತಲೆ ಮಾಡಿದರೆ ಸುಮ್ಮನಾಗುತ್ತದೆ ಅಂತ ಹೇಳುವವರಿದ್ದಾರೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಮಂದ ಬೆಳಕಿನಲ್ಲೇ ಹುಂಜಗಳನ್ನಿಟ್ಟು ನೋಡಿದರು. ಬೆಳಕು ಹೆಚ್ಚದಿದ್ದರೂ ಹೊತ್ತಿಗೆ ಸರಿಯಾಗಿ ಕೂಗಿದವು. ಗಡಿಯಾರ ಅದರ ಮೈಯೊಳಗೇ ಇದೆ. ನೋಟೀಸು ಕೊಟ್ಟರೆ ಅದು ನಿಲ್ಲೋಲ್ಲ.

ಹಾಗಾದರೆ ಕಾನೂನು? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಅದಕ್ಕಿಂತ 10 ಡೆಸಿಬಲ್ ಮೀರಿದರೆ ದೂರು ಕೊಡಬಹುದು. ಆದರೆ ನಿಯಮದ ಪೀಠಿಕೆ ಹೆಸರಿಸುವುದು ಕಾರ್ಖಾನೆ, ಕಟ್ಟಡ ಕೆಲಸ, ಪಟಾಕಿ, ಜನರೇಟರ್, ಮೈಕು, ಹಾರ್ನ್ ಇಂಥವನ್ನು. ಹುಂಜ, ಹಸು ಅಲ್ಲಿ ಹುಡುಕಿದರೂ ಸಿಗವು.

ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾರ್ವಜನಿಕ ಉಪದ್ರವಕ್ಕೆ ದಂಡ 1000 ರೂಪಾಯಿವರೆಗೆ. 2024ರ ಜುಲೈ 1ರವರೆಗೆ ಇದ್ದ ಹಳೇ ಕಾನೂನಿನಲ್ಲಿ ಇದು 200 ಇತ್ತು. ಅದಕ್ಕೂ ಒಂದು ಮನೆಯ ತಕರಾರು ಸಾಲದು, ಸುತ್ತಲ ಜನರಿಗೆ ತೊಂದರೆಯಾಗಬೇಕು. ಒಬ್ಬನದೇ ಕಷ್ಟವಾದರೆ ಸಿವಿಲ್ ಕೋರ್ಟು, ವಕೀಲರ ಫೀಸು, ವಾಯಿದೆ ಮೇಲೆ ವಾಯಿದೆ. ಕೊಟ್ಟಿಗೆಯವರೂ ಹಿಗ್ಗಬೇಕಾಗಿಲ್ಲ. "ನಾವು ಮೊದಲೇ ಇದ್ದೆವು" ಅನ್ನುವುದೊಂದೇ ನಮ್ಮ ಕೋರ್ಟುಗಳಲ್ಲಿ ಪೂರ್ತಿ ಗುರಾಣಿಯಾಗುವುದಿಲ್ಲ.

ದೊಡ್ಡ ಕೋಳಿ ಫಾರಂಗಾದರೆ ಅಳತೆ ಉಂಟು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಜನವಸತಿಯಿಂದ 500 ಮೀಟರ್ ದೂರ ಹೇಳುತ್ತದೆ. ಹಿತ್ತಲಲ್ಲಿ ಮಂಕರಿ ಕವುಚಿ ನಾಲ್ಕು ಕೋಳಿ ಸಾಕುವ ಅಮ್ಮನಿಗೆ ಅದು ಅನ್ವಯಿಸದು.

ನೆರೆಯ ಕೇರಳದ ಅಡೂರಿನಲ್ಲಿ 2025ರ ಫೆಬ್ರವರಿಯಲ್ಲಿ ಇಂಥದೇ ಒಂದು ಫಿರ್ಯಾದು ಕಂದಾಯ ವಿಭಾಗಾಧಿಕಾರಿವರೆಗೆ ಹೋಯಿತು. ಪಕ್ಕದ ಮನೆ ಮಹಡಿಯ ಹುಂಜ ಬೆಳಗಿನ ಜಾವ ಮೂರಕ್ಕೇ ಕೂಗುತ್ತದೆ, ನಿದ್ದೆ ಇಲ್ಲ ಎಂದರು ಕಾಯಿಲೆಯ ವಯಸ್ಸಾದವರೊಬ್ಬರು. ಅಧಿಕಾರಿ ಕೋಳಿ ಸಾಕಬೇಡ ಅನ್ನಲಿಲ್ಲ. ಗೂಡನ್ನು 14 ದಿನದೊಳಗೆ ಅದೇ ಜಾಗದ ಇನ್ನೊಂದು ಮಗ್ಗುಲಿಗೆ ಸರಿಸು ಅಂದರು. ಕೋಳಿಯೂ ಉಳಿಯಿತು, ನಿದ್ದೆಗೂ ದಾರಿಯಾಯಿತು.

ಫ್ರಾನ್ಸಿನಲ್ಲಿ ಹುಂಜವೇ ಗೆದ್ದಿತು! ಒಲೆರಾನ್ ದ್ವೀಪದ ಮೊರಿಸ್ ಎಂಬ ಹುಂಜದ ಮೇಲೆ ರಜೆಗೆ ಬಂದು ಹೋಗುವ ನೆರೆಯವರು ಹಾಕಿದ ಕೇಸು 2019ರ ಸೆಪ್ಟೆಂಬರಿನಲ್ಲಿ ಬಿದ್ದುಹೋಯಿತು. 2021ರಲ್ಲಿ ಹಳ್ಳಿಯ ಸದ್ದು, ವಾಸನೆಗಳನ್ನು ಪರಂಪರೆಯ ಭಾಗವೆಂದು ಒಪ್ಪುವ ಕಾಯ್ದೆ ಬಂತು. 2024ರಲ್ಲಿ ಇನ್ನೊಂದು ಕಾಯ್ದೆ: ಕಾನೂನುಬದ್ಧವಾಗಿ ಮೊದಲಿನಿಂದ ನಡೆದುಕೊಂಡು ಬಂದ ಕಸುಬಿನ ಮೇಲೆ ಆಮೇಲೆ ಬಂದು ನೆಲೆಸಿದವರು ಸುಮ್ಮಸುಮ್ಮನೆ ದಾವೆ ಹೂಡುವಂತಿಲ್ಲ.

ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಇದು ಅಮೃತ್ ಮಹಲ್ ದನಗಳ ಸೀಮೆ, ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವೇ ಇದೆ. ಮೈಸೂರು ದೊರೆಗಳ ಬೆಣ್ಣೆ ಚಾವಡಿಗೆ ಅಮೃತ್ ಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಇಂಥ ಕಡೆಯೇ ದನದ ಕೂಗಿಗೆ ತಕರಾರು ಬರುವ ಕಾಲ. ಹೊಲ ಸೈಟಾಗಲು ಭೂ ಕಂದಾಯ ಕಾಯ್ದೆಯ 95ನೇ ಕಲಮು ಬೇಕು, ನಕ್ಷೆ ಬೇಕು, ರಸ್ತೆ ಅಳತೆ ಬೇಕು. ಪಕ್ಕದ ಸರ್ವೆ ನಂಬರಿನಲ್ಲಿ ಕೊಟ್ಟಿಗೆ ಇದೆಯೇ ಅಂತ ಕೇಳುವ ಪದ್ಧತಿ ಮಾತ್ರ ಬೆಳೆದಿಲ್ಲ. ತಕರಾರು ಹುಟ್ಟೋದೇ ಅಲ್ಲಿ. ಲೇಔಟಿನ ಪಾರ್ಕಿನ ಜಾಗವನ್ನು ಕೊಟ್ಟಿಗೆ ಕಡೆಗೇ ಬಿಡಿಸಿದರೆ ಅರ್ಧ ಜಗಳ ಮುಗಿಯಿತು. ಗೂಡು ಗೋಡೆಗೆ ಅಂಟದಂತೆ ಇಷ್ಟು ಅಡಿ ದೂರ ಇರಲಿ ಅಂತ ಗ್ರಾಮ ಪಂಚಾಯ್ತಿ ಒಂದು ಉಪವಿಧಿ ಮಾಡಿದರೆ ಉಳಿದರ್ಧ.

ಅಲ್ಲಿಯವರೆಗೆ ಸೈಟು ಕೊಳ್ಳುವವರಿಗೆ ಒಂದು ಮಾತು. ಜನ ಸೈಟು ನೋಡೋಕೆ ಹೋಗೋದು ಭಾನುವಾರ ಮಧ್ಯಾಹ್ನ. ಆಗ ದನ ಮೇಯಲು ಹೋಗಿರ್ತವೆ, ಹುಂಜ ನೆರಳಲ್ಲಿ ತೆಪ್ಪಗೆ ಕೂತಿರ್ತದೆ. ಅಡ್ವಾನ್ಸ್ ಕೊಡೋ ಮುಂಚೆ ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ಬೇಲಿ ಪಕ್ಕ ನಿಂತು ಬನ್ನಿ. ಬ್ರೋಕರ್ ಜೊತೆಗೆ ಬರ್ತಾನೆ ಅಂತ ಮಾತ್ರ ಕಾಯಬೇಡಿ.