ಹಸಿರು ಬಟನ್ನಿನ ಹಿಂದೆ

ಚನ್ನಗಿರಿಯ ಅಡಿಕೆ ತೋಟವಿರಲಿ, ಜಗಳೂರಿನ ಬೋರ್‌ವೆಲ್ ಹೊಲವಿರಲಿ, ಪಂಪ್‌ಸೆಟ್ ಇದ್ದ ಕಡೆ ಸ್ಟಾರ್ಟರ್ ಡಬ್ಬಿ ಇದ್ದೇ ಇರುತ್ತದೆ. ಹಸಿರು ಬಟನ್ ಒತ್ತಿದರೆ ಮೋಟಾರ್ ಚಾಲೂ, ಕೆಂಪು ಒತ್ತಿದರೆ ಬಂದ್. ಮನೆಯ ಲೈಟಿನ ಸ್ವಿಚ್ಚು ಒತ್ತಿದ ಕಡೆಗೇ ನಿಂತಿರುತ್ತದೆ. ಈ ಹಸಿರು ಬಟನ್ ಬೆರಳು ತೆಗೆದ ಕೂಡಲೇ ಹಿಂದಕ್ಕೆ ಬರುತ್ತದೆ, ಆದರೂ ಮೋಟಾರ್ ಓಡುತ್ತಲೇ ಇರುತ್ತದೆ.

ಒಳಗಿನ ಕಾಂಟ್ಯಾಕ್ಟರ್‌ನಲ್ಲಿದೆ ಗುಟ್ಟು. ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್, ಅದರೆದುರು ಸ್ಪ್ರಿಂಗ್ ಮೇಲೆ ಕೂತ ಕಬ್ಬಿಣದ ತುಂಡು. ಬಟನ್ ಒತ್ತಿದಾಗ ಕಾಯಿಲ್ ಅಯಸ್ಕಾಂತವಾಗಿ ಆ ತುಂಡನ್ನು ಟಕ್ಕೆಂದು ಎಳೆದುಕೊಳ್ಳುತ್ತದೆ. ಜೊತೆಗೇ ಮೂರೂ ಫೇಸಿನ ಪಾಯಿಂಟುಗಳು ಕೂಡಿ ಮೋಟಾರಿಗೆ 415 ವೋಲ್ಟ್ ಸಿಗುತ್ತದೆ. ಪಕ್ಕದಲ್ಲೇ ಇನ್ನೊಂದು ಪುಟ್ಟ ಪಾಯಿಂಟೂ ಕೂಡುತ್ತದೆ. ಬೆರಳು ತೆಗೆದ ಮೇಲೆ ಕಾಯಿಲ್‌ಗೆ ಕರೆಂಟ್ ಬರುವುದು ಆ ದಾರಿಯಿಂದ. ಕೆಂಪು ಬಟನ್ ಈ ದಾರಿಯನ್ನು ಕಡಿಯುತ್ತದೆ. ಲೈನಿನಲ್ಲೇ ಕರೆಂಟ್ ಹೋದರೂ ಕಾಯಿಲ್ ಕೈಬಿಡುತ್ತದೆ. ಮತ್ತೆ ಕರೆಂಟ್ ಬಂದಾಗ ಯಾರಾದರೂ ಹಸಿರು ಒತ್ತುವವರೆಗೆ ಮೋಟಾರ್ ಏಳುವುದಿಲ್ಲ.

ಈ ಜಾಣತನವೇ ರೈತರಿಗೆ ತಲೆನೋವು. ತ್ರೀ ಫೇಸ್ ಕೊಡುವುದೇ ದಿನಕ್ಕೆ ಕೆಲವು ಗಂಟೆ, ಅದರಲ್ಲೂ ಎಷ್ಟೋ ಸಲ ರಾತ್ರಿ. ಅದಕ್ಕೇ ಕರೆಂಟ್ ಬಂದ ಕೂಡಲೇ ತಾನೇ ಮೋಟಾರ್ ಎಬ್ಬಿಸುವ ಆಟೋ ಸ್ವಿಚ್ ಹಾಕಿಸುತ್ತಾರೆ, ಇಲ್ಲವೇ ಹಸಿರು ಬಟನ್ನಿಗೆ ಕಡ್ಡಿ ಸಿಕ್ಕಿಸುತ್ತಾರೆ. ಬೈಯುವುದು ಸುಲಭ, ನಡುರಾತ್ರಿ ಬ್ಯಾಟರಿ ಹಿಡಿದು ಹಾವು ಚೇಳು ದಾಟಿಕೊಂಡು ಹೋಗಬೇಕಾದವರು ಅವರು. ತೊಂದರೆ ಇರುವುದು ಬೇರೆ ಕಡೆ. ಏಳುವ ಗಳಿಗೆಯಲ್ಲಿ ಮೋಟಾರ್ ಮಾಮೂಲಿಗಿಂತ ಆರೇಳು ಪಟ್ಟು ಕರೆಂಟ್ ಎಳೆಯುತ್ತದೆ. ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರ್) ಮೇಲಿನ ಮೋಟಾರುಗಳೆಲ್ಲ ಒಟ್ಟಿಗೇ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ಫ್ಯೂಸ್ ಹೋಗುತ್ತದೆ. ಆಟೋ ಹಾಕುವುದಾದರೆ ಟೈಮರ್ ಇರುವುದನ್ನೇ ಹಾಕಿ, ಅಕ್ಕಪಕ್ಕದವರು ಮಾತಾಡಿಕೊಂಡು ಒಬ್ಬೊಬ್ಬರು ಒಂದೊಂದು ನಿಮಿಷ ಹಿಂದೆಮುಂದೆ ಇಟ್ಟುಕೊಳ್ಳಬೇಕು. ಹೊನ್ನಾಳಿ, ನ್ಯಾಮತಿ ಕಡೆ ಹೊಳೆಯಿಂದ ನೀರೆತ್ತುವಂಥ ದೊಡ್ಡ ಮೋಟಾರುಗಳಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಬೇಕು. ಅದು ಮೊದಲ ಕೆಲವು ಸೆಕೆಂಡು ವೈಂಡಿಂಗಿಗೆ ಶೇ. 58ರಷ್ಟು ವೋಲ್ಟೇಜ್ ಮಾತ್ರ ಕೊಡುತ್ತದೆ, ಲೈನಿನಿಂದ ಎಳೆಯುವ ಕರೆಂಟ್ ಮೂರನೇ ಒಂದಕ್ಕೆ ಇಳಿಯುತ್ತದೆ.

ಒಂದು ಫೇಸ್ ಹೋಯಿತೆನ್ನಿ. ಓಡುತ್ತಿದ್ದ ಮೋಟಾರ್ ಗುರ್ರೆನ್ನುತ್ತಾ ಉಳಿದೆರಡು ಫೇಸಿನಿಂದಲೇ ಹೆಚ್ಚು ಕರೆಂಟ್ ಎಳೆಯತೊಡಗುತ್ತದೆ. ಆಗ ಕೆಲಸಕ್ಕೆ ಬರುವುದು ಓವರ್‌ಲೋಡ್ ರಿಲೇ. ಅದರಲ್ಲಿ ಎರಡು ಬೇರೆ ಲೋಹಗಳನ್ನು ಬೆಸೆದ ಪಟ್ಟಿಗಳಿವೆ. ಹೆಚ್ಚಿನ ಕರೆಂಟಿನ ಬಿಸಿಗೆ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ; ಪಟ್ಟಿ ಬಾಗುತ್ತದೆ, ಸ್ಟಾರ್ಟರ್ ಟ್ರಿಪ್ ಆಗುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ರಿಲೇಯ ಸೆಟ್ಟಿಂಗ್ ಮೇಲಕ್ಕೆ ತಿರುಗಿಸಿಟ್ಟವರು ಕೊನೆಗೆ ಸುಟ್ಟ ಮೋಟಾರ್ ಹೊತ್ತು ರಿವೈಂಡಿಂಗ್ ಅಂಗಡಿಯ ಮುಂದೆ ನಿಲ್ಲುತ್ತಾರೆ.

ಜಗಳೂರಿನ ಆಳದ ಬೋರುಗಳದ್ದು ಇನ್ನೊಂದು ಕಷ್ಟ. ಸಬ್‌ಮರ್ಸಿಬಲ್ ಮೋಟಾರಿಗೆ ಸುತ್ತಲಿನ ನೀರೇ ತಂಪು. ನೀರು ಇಳಿದು ಪಂಪ್ ಒಣಗಿ ತಿರುಗುವಾಗ ಹೊರೆ ಇಲ್ಲದ್ದರಿಂದ ಕರೆಂಟ್ ಕಡಿಮೆಯಾಗುತ್ತದೆ, ಓವರ್‌ಲೋಡ್ ರಿಲೇಗೆ ಅದು ಗೊತ್ತೇ ಆಗುವುದಿಲ್ಲ. ಅಲ್ಲಿ ಡ್ರೈ ರನ್ ಪ್ರಿವೆಂಟರ್ ಬೇಕು. ಅದು ಕರೆಂಟ್ ಇಳಿದದ್ದನ್ನು ಕಂಡು ಮೋಟಾರ್ ನಿಲ್ಲಿಸುತ್ತದೆ. ಟೈಮರ್ ಜೊತೆಗಿದ್ದರೆ ಬೋರಿನಲ್ಲಿ ನೀರು ಕೂಡಲು ಬೇಕಾದಷ್ಟು ಹೊತ್ತು ಕಾದು ಮತ್ತೆ ಚಾಲೂ ಮಾಡುತ್ತದೆ. ಆ ಹೊತ್ತು ಎಷ್ಟೆಂಬುದು ಬೋರಿನಿಂದ ಬೋರಿಗೆ ಬೇರೆ.